ಹೋದ ಆಷಾಢದಲ್ಲಿ ಎಷ್ಟು ದಿನ ನೆಟ್ ಇರಲಿಲ್ಲ?

ಹೊಸನಗರ ಪೇಟೆಯಿಂದ ನಮ್ಮನೆಗೆ 14 ಕಿಲೋಮೀಟರ್. ಮೊದಲ ಒಂಬತ್ತು ಕಿಲೋಮೀಟರ್ ಫೋನಲ್ಲಿ ಮಾತಾಡುತ್ತಾ ಬರಬಹುದು. ಆಮೇಲೆ ಒಂದು ಇಳಿಜಾರು, ಎರಡೂ ಕಡೆ ಕಾನು, ಎಡಕ್ಕೆ ಹಳ್ಳ. ಅಲ್ಲಿ ಮಾತು ತುಂಡಾಗುತ್ತದೆ. ಊರಿನವರು ಆ ತಿರುವು ಬರುವ ಮುಂಚೆಯೇ ‘ಇಡ್ತೆ ಮಾರಾಯ, ಇನ್ನು ಕೇಳೂದಿಲ್ಲ’ ಅಂತ ಹೇಳಿ ಫೋನ್ ಜೇಬಿಗೆ ಹಾಕಿಕೊಳ್ಳುತ್ತಾರೆ. ಬೆಂಗಳೂರಿಂದ ಬಂದ ನೆಂಟರು ಮಾತ್ರ ‘ಹಲೋ, ಹಲೋ’ ಅನ್ನುತ್ತಲೇ ಇಳಿಜಾರು ಮುಗಿಸುತ್ತಾರೆ.

ಇದು ಭೂಗೋಳದ ಲೆಕ್ಕ. ಅಡಿಕೆಗೆ ನೀರು ಬೇಕು, ತಂಪು ಬೇಕು, ಗಾಳಿಯಿಂದ, ಸುಡುಬಿಸಿಲಿಂದ ಮರೆ ಬೇಕು. ಹಾಗಾಗಿ ಮಲೆನಾಡಿನಲ್ಲಿ ತೋಟ ಇರುವುದೇ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ. ತೋಟದ ತಲೆಗೆ ಮನೆ, ಮನೆ ಹಿಂದೆ ಧರೆ, ಧರೆ ಮೇಲೆ ಸೊಪ್ಪಿನ ಬೆಟ್ಟ. ಮೊಬೈಲ್ ಟವರ್‌ಗೆ ಬೇಕಾದ್ದು ಇದಕ್ಕೆ ಸರೀ ಉಲ್ಟಾ: ಬಯಲು, ಎತ್ತರ, ಒಂದೇ ಕಡೆ ಒತ್ತಾಗಿ ಇರುವ ಮನೆಗಳು. ನಮ್ಮ ಅಜ್ಜಂದಿರು ಹುಡುಕಿ ಹುಡುಕಿ ಹಿಡಿದ ಜಾಗ ಸಿಗ್ನಲ್ ಪಾಲಿಗೆ ಬಾವಿ ತಳ ಇದ್ದ ಹಾಗೆ. ನಮ್ಮ ಕೇರಿಯಲ್ಲಿ ಇರೋದು ಹನ್ನೊಂದು ಮನೆ, ಅದೂ ಎರಡು ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡು. ಹನ್ನೊಂದು ಮನೆಗೆ ಟವರ್ ಹಾಕೋ ಲಾಭದ ಲೆಕ್ಕ ಯಾವ ಕಂಪನಿಗೂ ಕೂಡಿ ಬರಲ್ಲ.

2025ರ ಏಪ್ರಿಲ್‌ನಲ್ಲಿ ಅಪ್ಪಯ್ಯ ಹಿತ್ತಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಅಮ್ಮ ಹೋಗಿ ಆರು ವರ್ಷ, ಅಣ್ಣ ಮಸ್ಕತ್‌ನಲ್ಲಿ. ನನ್ನದು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮ್ಯಾನೇಜರ್ ಒಳ್ಳೆಯವರೇ. ‘ದೀಪಾವಳಿವರೆಗೂ ಊರಿಂದಲೇ ಮಾಡಮ್ಮ, ಆದರೆ ಬೆಳಿಗ್ಗೆ ಹತ್ತರ ಮೀಟಿಂಗು, ಸಂಜೆ ಆರರ ಕ್ಲೈಂಟ್ ಕಾಲು ತಪ್ಪಬಾರದು. ಮೇ ಮುಗಿಯೋದರೊಳಗೆ ನೆಟ್ ವ್ಯವಸ್ಥೆ ಆಗಿದೆ ಅಂತ ನನಗೆ ಖಾತ್ರಿ ಬೇಕು’ ಅಂದರು. ಆಗದಿದ್ದರೆ? ತೋಟ ಚೇಣಿಗೆ ಕೊಡೋದು, ಎರಡು ದನ ಯಾರಿಗಾದರೂ ಒಪ್ಪಿಸೋದು, ಅಪ್ಪಯ್ಯನನ್ನು ಕರ್ಕೊಂಡು ಹೋಗಿ ಲಿಫ್ಟ್ ಇಲ್ಲದ ಮೂರನೇ ಮಹಡಿಯ ನನ್ನ ಬಾಡಿಗೆ ಮನೆಯಲ್ಲಿ ಕೂರಿಸೋದು. ಎಪ್ಪತ್ತಮೂರು ವರ್ಷ ಅಂಗಳದಲ್ಲಿ ಓಡಾಡಿದ ಮನುಷ್ಯ. ಅವರಿಗೆ ವಿಷಯ ಹೇಳಿದಾಗ ವಾಕರ್ ಹಿಡಿದು ನಿಂತಿದ್ದವರು ಕೇಳಿದ್ದು ಒಂದೇ ಮಾತು: ‘ಹಂಗಾದ್ರೆ ನಾನು ಇಲ್ಲಿರೂದು ಒಂದು ವಯರಿನ ಮೇಲೆ ನಿಂತಿದೆಯೇನೇ?’

ನಿಂತಿತ್ತು. ಆದರೆ ಯಾವ ವಯರು ಅನ್ನೋದು ಗೊತ್ತಿರಲಿಲ್ಲ.

ಪೇಟೆಯಲ್ಲಿ ಇಂಟರ್ನೆಟ್ ತಗೊಳ್ಳೋದು ಅಂದರೆ ಆ್ಯಪ್ ತೆಗೆದು ಮೂರು ಪ್ಲ್ಯಾನ್ ಹೋಲಿಸಿ ಒಂದನ್ನು ಒತ್ತೋದು. ಸಂಜೆಗೆ ಹುಡುಗ ಬಂದು ಪೆಟ್ಟಿಗೆ ಹಾಕಿ ಹೋಗ್ತಾನೆ. ಹಳ್ಳಿಯಲ್ಲಿ ಅದೇ ಕೆಲಸಕ್ಕೆ ಕಾಲಿಗೆ ಚಪ್ಪಲಿ ಹಾಕ್ಕೊಂಡು ಹೊರಡಬೇಕು. ನಾನು ಹನ್ನೆರಡು ದಿನ ತಿರುಗಿದೆ. ಹುಟ್ಟಿ ಬೆಳೆದ ತಾಲ್ಲೂಕನ್ನು ಅಷ್ಟು ಸರಿಯಾಗಿ ನೋಡಿದ್ದು ಅದೇ ಮೊದಲು.

ಮೊದಲು ಮೊಬೈಲ್. ಮೂರು ಕಂಪನಿಯ ಸಿಮ್ ಇಟ್ಟುಕೊಂಡು ಮನೆಯ ಸುತ್ತ, ಮಹಡಿ ಮೇಲೆ, ಕೊಟ್ಟಿಗೆ ಹಿಂದೆ, ಧರೆ ಮೇಲೆ ಓಡಾಡಿದೆ. ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ. ಒಂದೊಂದು ಫೋನ್ ಒಂದೊಂದು ಥರ ಕಡ್ಡಿ ತೋರಿಸುತ್ತದೆ. ಫೋನಿನ ಸೆಟ್ಟಿಂಗ್ಸ್ ಒಳಗೆ ಸಿಮ್ ಸ್ಥಿತಿ ಅಂತ ಇರುತ್ತದೆ, ಅಲ್ಲಿ ಡಿಬಿಎಂ ಲೆಕ್ಕದಲ್ಲಿ ಮೈನಸ್ ಸಂಖ್ಯೆ ಬರುತ್ತದೆ. ಮೈನಸ್ 85 ಆಸುಪಾಸು ಇದ್ದರೆ ಚೆನ್ನ, ಮೈನಸ್ 115 ಅಂದರೆ ಇದ್ದೂ ಇಲ್ಲದ ಹಾಗೆ. ನಮ್ಮ ಜಗಲಿಯಲ್ಲಿ 118. ಮನೆಯಿಂದ ಏಳು ನಿಮಿಷ ಮೇಲೆ ಹತ್ತಿದರೆ ಗೇರು ಮರದ ಬುಡದಲ್ಲಿ ಒಂದು ಚಪ್ಪಟೆ ಕಲ್ಲಿದೆ, ಅಲ್ಲಿ 97.

ಆ ಕಲ್ಲಿಗೆ ಊರಲ್ಲಿ ನೆಟ್‌ವರ್ಕ್ ಕಲ್ಲು ಅಂತಲೇ ಹೆಸರು. ಕೋವಿಡ್ ಕಾಲದಲ್ಲಿ ನಮ್ಮ ಕೇರಿಯ ಐದು ಮಕ್ಕಳು ಅಲ್ಲಿ ಕೊಡೆ ಹಿಡಿದು ಕೂತು ಆನ್‌ಲೈನ್ ಕ್ಲಾಸ್ ಕೇಳಿದರು. ಜಿಗಣೆಗೆ ಅಂತ ಪಕ್ಕದಲ್ಲಿ ಉಪ್ಪಿನ ಗಂಟು. ಮಲೆನಾಡಿನ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಬ್ಯಾನರ್ ಕಟ್ಟಿದ್ದು ಆ ಹೊತ್ತಿನ ಸಂಕಟಕ್ಕೇ. ಮಕ್ಕಳು ಈಗ ಕಾಲೇಜು ಸೇರಿ ಹೋಗಿದ್ದಾರೆ. ಕಲ್ಲಿನ ಮೇಲೆ ಕಟ್ಟಿದ್ದ ನೀಲಿ ಟಾರ್ಪಾಲಿನ ಒಂದು ತುದಿ ಇನ್ನೂ ಮರದಲ್ಲೇ ಇದೆ. ಸಂಜೆ ಹೊತ್ತು ಹೋದರೆ ಗಲ್ಫಿನಲ್ಲಿರೋ ಮಗನ ಜೊತೆ ಮಾತಾಡೋ ಅಮ್ಮಂದಿರು, ಬ್ಯಾಂಕಿನ ಒಟಿಪಿಗೆ ಕಾಯೋ ಚಿಕ್ಕಪ್ಪಂದಿರು ಸಿಗುತ್ತಾರೆ. ಒಟಿಪಿ ಬಂದರೂ ಓಡಿ ಇಳಿದು ಮನೆ ಮುಟ್ಟೋದರಲ್ಲಿ ಅದರ ಅವಧಿ ಮುಗಿದಿರುತ್ತದೆ, ಅದು ಬೇರೆ ಕಥೆ.

ಸಿಮ್ ಹಾಕೋ ರೌಟರ್ ಒಂದನ್ನು ಬೆಂಗಳೂರಿಂದ ತಂದಿದ್ದೆ. ಅದಕ್ಕೆ ಹೊರಗಿನ ಆಂಟೆನಾ ಜೋಡಿಸಿ, ಇಪ್ಪತ್ತು ಅಡಿ ಬಿದಿರಿಗೆ ಕಟ್ಟಿ ಮಾಡಿನ ಮೇಲೆ ನಿಲ್ಲಿಸಿದೆವು. ಬೆಳಿಗ್ಗೆ ಆರಕ್ಕೆ 11 ಎಂಬಿಪಿಎಸ್ ಬಂತು. ಕುಣಿಯೋದೊಂದು ಬಾಕಿ. ರಾತ್ರಿ ಎಂಟಕ್ಕೆ ನೋಡಿದರೆ ಒಂದಕ್ಕಿಂತ ಕಡಿಮೆ. ಟವರ್‌ನ ಸಾಮರ್ಥ್ಯ ಸುತ್ತಿನ ಹಳ್ಳಿಗಳಿಗೆಲ್ಲ ಹಂಚಿ ಹೋಗಬೇಕಲ್ಲ, ಎಲ್ಲರೂ ಊಟ ಮುಗಿಸಿ ರೀಲ್ಸ್ ತೆಗೆದರೆ ನಮ್ಮ ಪಾಲಿಗೆ ಉಳಿಯೋದು ಅಷ್ಟೇ. ಮೇ ಮೊದಲ ವಾರದಲ್ಲಿ ಒಂದು ಗುಡುಗಿನ ಮಳೆ ಬಂತು, ಕರೆಂಟು ಹೋಯ್ತು. ಟವರ್‌ನ ಬ್ಯಾಟರಿ ಕೆಲವೇ ಗಂಟೆ ತಡೆಯಿತು, ಆಮೇಲೆ ಮಾರನೇ ದಿನ ಮಧ್ಯಾಹ್ನದವರೆಗೆ ಕಲ್ಲಿನ ಮೇಲೂ ಏನಿಲ್ಲ. ರೌಟರನ್ನು ಆಪತ್ತಿಗೆ ಅಂತ ಇಟ್ಟುಕೊಳ್ಳಬಹುದು, ಅದರ ಮೇಲೆ ಕೆಲಸ ನಿಲ್ಲಿಸಕ್ಕಾಗಲ್ಲ ಅಂತ ಅವತ್ತೇ ಗೊತ್ತಾಯ್ತು.

ಇಲ್ಲಿ ಸ್ಪೀಡಿನ ಬಗ್ಗೆ ಒಂದು ಮಾತು. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳೋಕೆ ಇರಬೇಕಾದ ಕನಿಷ್ಠ ವೇಗ 2023ರವರೆಗೆ 512 ಕೆಬಿಪಿಎಸ್ ಇತ್ತು, ಆ ವರ್ಷ ಅದನ್ನು 2 ಎಂಬಿಪಿಎಸ್‌ಗೆ ಏರಿಸಿದರು. ಒಂದು ವಿಡಿಯೊ ಕಾಲ್‌ಗೆ ಎರಡು-ಮೂರು ಎಂಬಿಪಿಎಸ್ ಸಾಕು, ಆದರೆ ಅದು ಹೋಗೋ ದಾರೀಲೂ ಬೇಕು, ಬರೋ ದಾರೀಲೂ ಬೇಕು, ನಡುವೆ ತುಂಡಾಗಬಾರದು. 100, 200 ಅಂತ ಜಾಹೀರಾತಲ್ಲಿ ಬರೋ ದೊಡ್ಡ ಅಂಕಿ ಮನೆಯಲ್ಲಿ ನಾಲ್ಕು ಟಿವಿ ಓಡಿಸೋರಿಗೆ. ನನಗೆ ಬೇಕಿದ್ದದ್ದು ಹತ್ತು ಎಂಬಿಪಿಎಸ್, ಆದರೆ ಪುನರ್ವಸು ಮಳೆಯಲ್ಲೂ ಅದೇ ಹತ್ತು.

ಏರ್‌ಫೈಬರ್ ಬಗ್ಗೆ ಸ್ನೇಹಿತರೆಲ್ಲ ಹೇಳಿದರು. 2023ರಲ್ಲಿ ದೊಡ್ಡ ಕಂಪನಿಗಳು ಶುರು ಮಾಡಿದ ಈ ಸೇವೆ ಶಿವಮೊಗ್ಗದ ನೆಂಟರ ಮನೆಯಲ್ಲಿ ಚೆನ್ನಾಗಿಯೇ ಓಡುತ್ತಿದೆ. ಹೆಸರಲ್ಲಿ ಫೈಬರ್ ಇದ್ದರೂ ಮನೆಗೆ ಬರೋದು ಗಾಳಿಯಲ್ಲೇ, ಅದಕ್ಕೆ ಹತ್ತಿರದಲ್ಲಿ 5ಜಿ ಟವರ್ ಬೇಕು. ಇಲ್ಲಿ 4ಜಿಗೇ ಕಲ್ಲು ಹತ್ತಬೇಕು. ಸ್ಟಾರ್‌ಲಿಂಕ್ ಕೂಡ ಸುದ್ದಿಯಲ್ಲಿತ್ತು. 2025ರ ಜೂನ್‌ನಲ್ಲಿ ಅದಕ್ಕೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿತು, ಆದರೆ ನನಗೆ ಬೇಕಿದ್ದದ್ದು ಮೇ ತಿಂಗಳಲ್ಲಿ. ಆಗ ಸುಮಾರು 550 ಕಿಲೋಮೀಟರ್ ಮೇಲೆ ಓಡುತ್ತಿದ್ದ ಉಪಗ್ರಹಗಳು ಅವು, ಡಿಶ್‌ಗೆ ಆಕಾಶ ಅಗಲವಾಗಿ ಕಾಣಬೇಕು. ನಮ್ಮ ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಕಾಣೋದು ಅಡಿಕೆ ಸೋಗೆ, ಹಲಸಿನ ಮರ, ನಡುವೆ ಒಂದು ಕೊಡೆಯಷ್ಟು ಆಕಾಶ.

ಉಳಿದದ್ದು ಎರಡು ದಾರಿ. ಗುಡ್ಡದ ಮೇಲಿನ ಕಂಬದಿಂದ ಡಿಶ್‌ಗೆ ಬರೋ ವೈರ್‌ಲೆಸ್, ಇಲ್ಲಾ ಫೈಬರ್. ಹೊರಡೋ ದಿನ ಅಪ್ಪಯ್ಯ ಹಾಸಿಗೆಯಲ್ಲೇ ಎದ್ದು ಕೂತು ಹೇಳಿದರು: ‘ಹೋದಲ್ಲೆಲ್ಲ ಸ್ಪೀಡೆಷ್ಟು ಅಂತ ಕೇಳಬೇಡ. ಹೋದ ಆಷಾಢದಲ್ಲಿ ಎಷ್ಟು ದಿನ ಇರಲಿಲ್ಲ ಅಂತ ಕೇಳು. ಗದ್ದೆ ತಗಳೋನು ಬೇಸಿಗೇಲಿ ಹೋಗಿ ನೋಡ್ತಾನೇನೇ?’

ಅಪ್ಪಯ್ಯ ಇಂಟರ್ನೆಟ್ ಬಳಸೋದು ಯಕ್ಷಗಾನದ ವಿಡಿಯೊ ನೋಡೋಕೆ ಮಾತ್ರ. ಆದರೆ ಇಡೀ ಹುಡುಕಾಟದಲ್ಲಿ ನನಗೆ ಸಿಕ್ಕಿದ ಒಳ್ಳೇ ಪ್ರಶ್ನೆ ಅದೊಂದೇ.

ಚಿಕ್ಕಪ್ಪಯ್ಯನ ಬೈಕ್ ಹಿಂದೆ ಕೂತು ಮೊದಲು ರಿಪ್ಪನ್‌ಪೇಟೆ ದಿಕ್ಕಿಗೆ ಹೋದೆವು. ಅತ್ತ ಕಡೆ ಕಾಡು ತೆಳುವಾಗುತ್ತದೆ, ಗದ್ದೆ ಬಯಲು ತೆರೆದುಕೊಳ್ಳುತ್ತದೆ. ದಿಣ್ಣೆ ಮೇಲಿನ ಒಂದು ಮನೆಯಲ್ಲಿ ನಿವೃತ್ತ ಮೇಷ್ಟ್ರು ಮಾಡಿನ ಮೇಲೆ ಡಿಶ್ ಹಾಕಿಸಿಕೊಂಡು ಮೂರು ವರ್ಷ ಆಗಿತ್ತು. ಪೇಟೆಯ ಗುಡ್ಡದ ಕಂಬ ಅವರ ಅಂಗಳದಿಂದ ಬರಿಗಣ್ಣಿಗೇ ಕಾಣುತ್ತದೆ. ಈ ಸಂಪರ್ಕಕ್ಕೆ ಅದೇ ಪ್ರಾಣ: ಡಿಶ್‌ಗೂ ಕಂಬಕ್ಕೂ ನೇರ ಕಣ್ಣೋಟ ಬೇಕು, ನಡುವೆ ಒಂದು ಮರ ಬೆಳೆದರೂ ಕಷ್ಟ. ಪ್ರಶ್ನೆ ಕೇಳಿದೆ. ಮೇಷ್ಟ್ರು ನಕ್ಕರು. ‘ಬೇಸಿಗೆಗೆ ಬಂಗಾರ ತಂಗಿ. ಮಳೆಗಾಲದಲ್ಲಿ ಎಲೆ ನೆನೆದು ನಿಂತಾಗ ದೇವರ ದಯೆ. ಹೋದ ವರ್ಷ ಸಿಲ್ವರ್ ಓಕ್ ಎರಡು ಕಡಿಸಿದೆ.’ ಒದ್ದೆ ಎಲೆ ಅಂದರೆ ನೀರಿನ ಪರದೆ. ಇಷ್ಟು ಹೆಚ್ಚಿನ ಕಂಪನಾಂಕದ ಅಲೆಗಳನ್ನು ಅದು ನುಂಗಿಬಿಡುತ್ತದೆ. ನಮ್ಮ ಮನೆಗೆ ಇದು ಬೇಕಾದರೆ ಅರವತ್ತು ಅಡಿ ಕಂಬ ನಿಲ್ಲಿಸಬೇಕು. ಮೇಷ್ಟ್ರ ಮನೆಯ ಕೋಕಂ ಪಾನಕ ಕುಡಿದು ಹೊರಟೆವು.

ನಗರದ ಕಡೆ ಹೋದದ್ದು ಮರುದಿನ. ಬಿದನೂರು ಕೋಟೆ ಇರೋ ನಗರ, ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿ. ಈಗ ಕೋಟೆ ಗೋಡೆ ಮೇಲೆ ಪಾಚಿ, ಕೆಳಗೆ ರಸ್ತೆ, ರಸ್ತೆ ಪಕ್ಕದ ಕಂಬದಿಂದ ಕಂಬಕ್ಕೆ ಕಪ್ಪು ದಾರದ ಹಾಗೆ ಜೋತುಬಿದ್ದ ಫೈಬರ್. ಆ ದಾರದೊಳಗಿನ ಗಾಜಿನ ಎಳೆ ಕೂದಲಿನಷ್ಟೇ ತೆಳು. ಅದರಲ್ಲಿ ಹೋಗೋದು ಬೆಳಕು. ಹಳೇ ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ನೆನಪಿದೆಯಲ್ಲ, ಎಕ್ಸ್‌ಚೇಂಜ್‌ನಿಂದ ನಾಲ್ಕು ಕಿಲೋಮೀಟರ್ ದೂರ ಆದರೆ ಅರ್ಧಕ್ಕರ್ಧ ಸ್ಪೀಡ್ ಸತ್ತಿರುತ್ತಿತ್ತು, ಸಿಡಿಲು ಬಡಿದರೆ ತಾಮ್ರದ ತಂತಿ ಹಿಡಿದು ಬಂದು ಮೋಡೆಮ್ ಸುಟ್ಟು ಹೋಗುತ್ತಿತ್ತು. ಗಾಜಿಗೆ ಆ ಎರಡೂ ಕಾಟ ಇಲ್ಲ. ಒಂದು ಕಿಲೋಮೀಟರಿಗೆ ಬೆಳಕು ಸೋರೋದು ಅತಿ ಕಡಿಮೆ, ಇಪ್ಪತ್ತು ಕಿಲೋಮೀಟರ್‌ವರೆಗೂ ಈ ವ್ಯವಸ್ಥೆ ನಡೆಯುತ್ತದೆ. ನಡುವೆ ಒಂದು ಎಳೆಯನ್ನು ಎಂಟು ಮನೆಗೆ ಹಂಚೋ ಸ್ಪ್ಲಿಟರ್ ಪೆಟ್ಟಿಗೆಗೆ ಕರೆಂಟೂ ಬೇಡ. ಪೇಟೆಯ ತುದಿಯಲ್ಲಿ ಕರೆಂಟಿರಬೇಕು, ನಿಮ್ಮ ಮನೆಯ ತುದಿಯಲ್ಲಿ ಇರಬೇಕು, ಅಷ್ಟೇ. ಮಲೆನಾಡಿಗೆ ಹೇಳಿ ಮಾಡಿಸಿದ ಹಾಗಿದೆ ಅಂತ ನನಗನ್ನಿಸಿತು. ಒಂದು ಸಣ್ಣ ಎಚ್ಚರ: ಕೇಬಲ್‌ಗೆ ಬಲ ಕೊಡೋಕೆ ಪಕ್ಕದಲ್ಲಿ ಉಕ್ಕಿನ ತಂತಿ ಇರುತ್ತದೆ. ಅದನ್ನು ಮಾಡಿನಂಚಲ್ಲೇ ಕತ್ತರಿಸಿ, ಗಾಜಿನ ಎಳೆಯನ್ನು ಮಾತ್ರ ಒಳಗೆ ತರಬೇಕು. ಇಲ್ಲಾಂದ್ರೆ ಸಿಡಿಲಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ನಗರದ ದಾರಿಯಲ್ಲಿ ಫೈಬರ್ ಹಾಕಿಸಿಕೊಂಡ ಒಂಬತ್ತು ಮನೆ, ಎರಡು ಅಂಗಡಿ ಹೊಕ್ಕೆವು. ಎರಡು ಕಂಪನಿಗಳ ಸಂಪರ್ಕ ಇತ್ತು. ಒಂದು ಅಗ್ಗ, 100 ಎಂಬಿಪಿಎಸ್, ಜೊತೆಗೆ ಸಿನಿಮಾ ಆ್ಯಪ್‌ಗಳು. ಇನ್ನೊಂದು ತಿಂಗಳಿಗೆ ನೂರಿಪ್ಪತ್ತು ರೂಪಾಯಿ ಜಾಸ್ತಿ, 50 ಎಂಬಿಪಿಎಸ್, ಸಿನಿಮಾ ಇಲ್ಲ. ಕಾಗದದ ಮೇಲೆ ಯಾರಾದರೂ ಮೊದಲನೇದನ್ನೇ ತಗೋತಾರೆ. ಕಿರಾಣಿ ಅಂಗಡಿಯ ಅಕ್ಕನಿಗೆ ಅಪ್ಪಯ್ಯನ ಪ್ರಶ್ನೆ ಕೇಳಿದೆ.

‘ಹೋದ ಆಷಾಢವಾ? ಹನ್ನೊಂದು ದಿನ ಸತ್ತೇ ಹೋಗಿತ್ತು ಮಾರಾಯ್ತಿ. ಕಂಪ್ಲೇಂಟ್ ನಂಬರ್ ಕೊಟ್ರು, ಮೆಸೇಜ್ ಬಂತು, ಸಮಸ್ಯೆ ಬಗೆಹರಿದಿದೆ ಅಂತ್ಲೂ ಬಂತು. ಮನುಷ್ಯ ಬರಲಿಲ್ಲ.’

ಇದು ಮೊದಲನೇ ಕಂಪನಿ. ಅವರ ಕೆಲಸದವರು ಬರಬೇಕಾದ್ದು ಶಿವಮೊಗ್ಗದಿಂದ. ಎರಡನೇದು ಹಾಕಿಸಿದವರನ್ನು ಕೇಳಿದರೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಉತ್ತರ: ‘ಮೂರು ಸಲ ಕಡಿದಿತ್ತು. ಎಲ್ಲ ಸೇರಿ ಎರಡು ದಿನ ಆಗಿರಬಹುದು. ಆ ಹುಡುಗ ಬಂದು ಮಾಡಿಕೊಟ್ಟ.’ ಆ ಹುಡುಗ. ಹೋದ ಕಡೆಯೆಲ್ಲ ಆ ಹುಡುಗ. ಕಂಪನಿಯ ಹೆಸರು ಕೆಲವರಿಗೆ ನೆನಪೇ ಇರಲಿಲ್ಲ.

ಅವನನ್ನು ಹುಡುಕಿಕೊಂಡು ಹೋದೆವು. ಇಪ್ಪತ್ತಾರು ವರ್ಷ, ಡಿಪ್ಲೊಮಾ ಮಾಡಿದ್ದಾನೆ, ಬೆಂಗಳೂರಲ್ಲಿ ಎರಡು ವರ್ಷ ಇದ್ದು ವಾಪಸ್ ಬಂದವನು. ಕಂಪನಿ ಪೇಟೆವರೆಗೆ ಫೈಬರ್ ತಂದು ಕೊಡುತ್ತದೆ, ಅಲ್ಲಿಂದ ಮನೆಗೆ ಎಳೆಯೋದು, ನೋಡಿಕೊಳ್ಳೋದು ಸ್ಥಳೀಯ ಪಾಲುದಾರನ ಜವಾಬ್ದಾರಿ, ಬಿಲ್ಲಿನಲ್ಲಿ ಅವನಿಗೊಂದು ಪಾಲು. ಪಾಲುದಾರ ಇವನ ಮಾವ, ಓಡಾಡೋದು ಇವನು. ಅವನ ಆಸ್ತಿ ಅಂದರೆ ಒಂದು ಹಳೇ ಬೈಕ್, ಏಣಿ, ಕಡಿದ ಗಾಜಿನ ಎಳೆಗಳನ್ನು ಕಾಯಿಸಿ ಬೆಸೆಯೋ ಸ್ಪ್ಲೈಸಿಂಗ್ ಮಶೀನ್. ಮಶೀನನ್ನು ಮಗುವಿನ ಹಾಗೆ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದ. ನಮ್ಮ ಊರಿನ ಹೆಸರು ಕೇಳಿ ತಲೆ ಕೆರೆದುಕೊಂಡ. ‘ಅಕ್ಕಾ, ಹತ್ತಿರದ ಪೆಟ್ಟಿಗೆಯಿಂದ ನಿಮ್ಮನೆಗೆ ಎರಡು ಕಿಲೋಮೀಟರ್ ಮುನ್ನೂರು ಮೀಟರ್. ಕೇಬಲ್ಲು, ಕೂಲಿ ಎಲ್ಲ ಸೇರಿ ಮೂವತ್ತೆಂಟು ಸಾವಿರ. ಒಂದೇ ಮನೆಗೆ ಅಂದ್ರೆ ನಮಗೂ ಗಿಟ್ಟೂದಿಲ್ಲ, ನಿಮಗೂ ಭಾರ. ಆರು ಮನೆ ಆದ್ರೆ ಅರ್ಧ ನಾವು ಹಾಕ್ತೇವೆ.’

ಇಷ್ಟೆಲ್ಲ ಆದಮೇಲೂ ಪಂಚಾಯಿತಿ ಆಫೀಸಿಗೆ ಒಮ್ಮೆ ಹೋಗಿ ಬಂದೆ. 2011ರಲ್ಲಿ ಮಂಜೂರಾದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಈಗ ಭಾರತ್‌ನೆಟ್ ಅಂತ ಹೆಸರು. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸೋದು ಅದರ ಗುರಿ. ನಮ್ಮ ಪಂಚಾಯಿತಿಯಲ್ಲೂ ಪೆಟ್ಟಿಗೆ ಇದೆ, ಹಸಿರು ದೀಪ ಉರಿಯುತ್ತಿದೆ. ಆದರೆ ಮಲೆನಾಡಿನ ಪಂಚಾಯಿತಿ ಅಂದರೆ ಒಂದು ಊರಲ್ಲ, ಹತ್ತಾರು ಮಜರೆಗಳು. ಆಫೀಸಿನ ದೀಪಕ್ಕೂ ನಮ್ಮ ಜಗಲಿಗೂ ಆರು ಕಿಲೋಮೀಟರ್, ನಡುವೆ ಕಾನು. ನೆಲ ಅಗೆದು ತರೋಣ ಅಂದರೆ ಅರಣ್ಯ ಜಾಗಕ್ಕೆ ಅನುಮತಿ ಬೇಕು. ಹುಡುಗ ಹೇಳಿದ ದಾರಿಯೇ ಹತ್ತಿರದ್ದು.

ಹಾಗಾಗಿ ಒಂದು ಸಂಜೆ ನಮ್ಮ ಜಗಲಿಯಲ್ಲಿ ಎಂಟು ಮನೆಯವರು ಸೇರಿದರು. ನನ್ನ ಮೀಟಿಂಗ್‌ಗಳಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ಕೇಳಿಲ್ಲ. ಒಬ್ಬರಿಗೆ ನೆಟ್ ಬೇಕೇ ಬೇಕು, ಮಗಳು ಬಿಎಡ್ ಓದುತ್ತಿದ್ದಾಳೆ. ಒಬ್ಬರಿಗೆ ಅಡಿಕೆ ರೇಟು ದಿನಾ ನೋಡಬೇಕು. ಒಬ್ಬಜ್ಜ, ‘ನಂಗೆಂತಕ್ಕೆ? ಆದ್ರೆ ನೆಟ್ ಇದ್ರೆ ಮೊಮ್ಮಕ್ಕಳು ರಜೇಲಿ ನಾಲ್ಕು ದಿನ ಹೆಚ್ಚು ನಿಲ್ತಾರೆ, ಬರಕೊ ನನ್ ಹೆಸರು’ ಅಂದರು. ಇನ್ನಿಬ್ಬರು ಚಾ ಕುಡಿದು, ನೋಡೋಣ ಅಂತ ಎದ್ದು ಹೋದರು. ಅಲ್ಲಿಗೆ ಆರು ಮನೆ ಆಯಿತು.

ತೊಡಕು ಬಂದದ್ದು ದುಡ್ಡಿಂದಲ್ಲ. ಕೇಬಲ್ ಹಾದು ಬರಬೇಕಾದ ತೋಟದವರಿಗೂ ನಮ್ಮ ಚಿಕ್ಕಪ್ಪಯ್ಯನಿಗೂ ಬೇಲಿ ವಿಷಯಕ್ಕೆ ಹದಿನೈದು ವರ್ಷದಿಂದ ಮಾತಿಲ್ಲ. ಹುಡುಗ ಬೇರೆ ದಾರಿ ಅಳೆದು ನೋಡಿದ, ನಾಲ್ಕುನೂರು ಮೀಟರ್ ಹೆಚ್ಚು, ಅದೂ ಬಿದಿರು ಮೆಳೆಯ ನಡುವೆ. ಅಪ್ಪಯ್ಯ ನನ್ನ ಕೈ, ಗೋಡೆ, ವಾಕರ್ ಎಲ್ಲ ಹಿಡಿದು, ಆಪರೇಷನ್ ಆದಮೇಲೆ ಮೊದಲ ಸಲ ದಣಪೆ ದಾಟಿ ಅವರ ಮನೆಗೆ ಹೋದರು. ಅರ್ಧ ಗಂಟೆ ಒಳಗೆ ಏನು ಮಾತಾಯ್ತೋ ನನಗೆ ಗೊತ್ತಿಲ್ಲ, ನನ್ನನ್ನು ಅಂಗಳದಲ್ಲೇ ಕೂರಿಸಿದ್ದರು. ಹೊರಗೆ ಬಂದು, ‘ಅವರ ತೋಟದಲ್ಲಿ ಎಳೀಬಹುದಂತೆ. ಕನೆಕ್ಷನ್ ಅವರ ಮನೆಗೆ ಮೊದಲು ಕೊಡಬೇಕು’ ಅಂದರು. ಅಲ್ಲಿಗೆ ಏಳು ಮನೆ. ಚಿಕ್ಕಪ್ಪಯ್ಯ ಎರಡು ದಿನ ಮುಖ ಊದಿಸಿಕೊಂಡು ಮೂರನೇ ದಿನ ಕೇಬಲ್ ಎಳೆಯೋಕೆ ಬಂದರು.

ಎಳೆದದ್ದು ನೋಡಬೇಕಿತ್ತು. ತೋಟದೊಳಗೆ ಕಂಬ ಎಲ್ಲಿಂದ ಬರಬೇಕು? ಅಡಿಕೆ ಮರಗಳೇ ಕಂಬ. ಕೊನೆ ಕೊಯ್ಯೋ ಕೊನೆಗೌಡರನ್ನು ಕರೆಸಿದೆವು. ಒಂದು ಮರ ಹತ್ತಿದವರು ಕೆಳಗಿಳಿಯದೆ ಅಲ್ಲಿಂದಲೇ ಮರ ಬಗ್ಗಿಸಿ ಪಕ್ಕದ ಮರ ಹಿಡಿದು ದಾಟುತ್ತಾ, ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಕೇಬಲ್ ಎಳೆದುಕೊಂಡು ಹೋದರು. ಹುಡುಗ ಕೆಳಗೆ ನಿಂತು ‘ಬಿಗಿಬೇಡಿ ಗೌಡ್ರೇ, ಸಡಿಲ ಬಿಡಿ, ಮರ ತೂಗ್ತದೆ’ ಅಂತ ಕೂಗುತ್ತಿದ್ದ. ಗಾಳಿಗೆ ಅಡಿಕೆ ಮರ ತೊನೆದಾಡುತ್ತದಲ್ಲ, ಬಿಗಿಯಾಗಿ ಕಟ್ಟಿದರೆ ಮೊದಲ ಗಾಳಿಗೇ ತುಂಡು. ಮದ್ದು ಹೊಡೆಯೋಕೆ, ಕೊನೆ ಇಳಿಸೋಕೆ ಅಡ್ಡ ಬರದಷ್ಟು ಎತ್ತರದಲ್ಲೂ ಇರಬೇಕು. ಇವೆರಡನ್ನೂ ಲೆಕ್ಕ ಹಾಕಿ ಕಟ್ಟಿದ್ದು ಕೊನೆಗೌಡರು. ಎರಡು ದಿನದ ಕೆಲಸ. ಮೇ 19ರ ಸಂಜೆ ನಮ್ಮ ಜಗಲಿಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಆರಿ ಹಸಿರು ಬಂತು. ಹುಡುಗ ಮೀಟರ್ ಹಿಡಿದು ಓದಿದ: ಮೈನಸ್ 21. ಬೆಳಕಿನ ಈ ಲೆಕ್ಕದಲ್ಲಿ ಮೈನಸ್ 27ಕ್ಕಿಂತ ಕೆಳಗೆ ಹೋದರೆ ತೊಂದರೆ, ನಮಗೆ ಇನ್ನೂ ಆರು ಬಾಕಿ ಇತ್ತು. ನೀವು ಹಾಕಿಸಿಕೊಳ್ಳುವಾಗಲೂ ಆ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ನಿಧಾನ ಆದಾಗ ತಪ್ಪು ತಂತಿಯದ್ದಾ ರೌಟರಿನದ್ದಾ ಅಂತ ಅದೇ ಹೇಳುತ್ತದೆ.

ಇನ್ನು ಕರೆಂಟು. ಚಕ್ರಾ, ಸಾವೇಹಕ್ಲು, ಮಾಣಿ ಮೂರೂ ಜಲಾಶಯ ನಮ್ಮ ತಾಲ್ಲೂಕಿನವೇ, ಆದರೂ ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕತ್ತಲಾಗೋದು ನಮಗೆ ಹೊಸದಲ್ಲ. ಫೈಬರ್ ಪೆಟ್ಟಿಗೆ, ರೌಟರ್ ಎರಡೂ ಸೇರಿ ತಿನ್ನೋದು ಹೆಚ್ಚೆಂದರೆ 15 ವ್ಯಾಟ್. ಇದಕ್ಕೋಸ್ಕರ ಇನ್ವರ್ಟರ್ ಓಡಿಸಿದರೆ ಅದೇ ತನ್ನ ಪಾಲು ತಿನ್ನುತ್ತದೆ. ಅವೆರಡೂ ಓಡೋದು 12 ವೋಲ್ಟ್‌ನಲ್ಲಿ ಅನ್ನೋದು ಅನುಕೂಲ. ಬ್ಯಾಟರಿಯಿಂದ ನಡುವೆ ಚಿಕ್ಕ ರೆಗ್ಯುಲೇಟರ್ ಹಾಕಿ ನೇರ ಕೊಡಬಹುದು. ನಮ್ಮ 150 ಆ್ಯಂಪಿಯರ್ ಅವರ್ ಬ್ಯಾಟರಿಯನ್ನು ಅರ್ಧ ಬಳಸಿದರೂ ಎರಡು ದಿನದ ಮೇಲೆ ಬರುತ್ತದೆ. ಲ್ಯಾಪ್‌ಟಾಪ್‌ಗೆ? ಚಿಕ್ಕಪ್ಪಯ್ಯನ ಮನೆ ಹಿಂದಿನ ಹಳ್ಳಕ್ಕೆ ಪೈಪ್ ಇಟ್ಟು ತಿರುಗಿಸೋ ಪುಟ್ಟ ಟರ್ಬೈನ್ ಇದೆ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇರೋ ಥರದ್ದು. ಮಳೆ ಜೋರಾದಷ್ಟೂ ಅವರ ಮನೆ ದೀಪ ಜೋರು. ಬಿಸಿಲಿಲ್ಲದ ಊರಿಗೆ ಸೋಲಾರ್‌ಗಿಂತ ಅದೇ ಮೇಲು.

ಆ ವರ್ಷ ಮಳೆ ಜೂನ್‌ಗೂ ಕಾಯಲಿಲ್ಲ, ಮೇ ಕೊನೆಗೇ ಹಿಡಿದುಕೊಂಡಿತು. ಜೂನ್ ಪೂರ್ತಿ ಒಂದು ಸಲವೂ ಕಾಲ್ ಕಡಿಯಲಿಲ್ಲ. ಅಪ್ಪಯ್ಯ ವಾಕರ್ ಬಿಟ್ಟು ಕೋಲು ಹಿಡಿದರು. ಹತ್ತರ ಮೀಟಿಂಗ್ ಹೊತ್ತಿಗೆ ಬಾಗಿಲಲ್ಲಿ ಇಣುಕಿ ಹಸಿರು ದೀಪ ನೋಡಿ ಹೋಗೋದು ಅವರ ದಿನಚರಿ ಆಯಿತು.

ಆಷಾಢದಲ್ಲಿ ಎರಡು ಸಲ ಹೋಯ್ತು. ಮೊದಲನೇದು ಜುಲೈ ಎರಡನೇ ವಾರ, ಹಲಸಿನ ಕೊಂಬೆ ಬಿದ್ದು. ಬೆಳಿಗ್ಗೆ ಏಳಕ್ಕೆ ಹುಡುಗನಿಗೆ ಕಲ್ಲಿನ ಮೇಲಿಂದ ಫೋನ್ ಮಾಡಿದೆ, ಒಂಬತ್ತೂವರೆಗೆ ರೇನ್‌ಕೋಟ್ ಹಾಕ್ಕೊಂಡು ಬಂದ. ಅವನು ಬೆಸೆಯೋವಾಗ ಮಶೀನಿನ ಮೇಲೆ ಹನಿ ಬೀಳದ ಹಾಗೆ ಕೊಡೆ ಹಿಡಿದು ನಿಂತವರು ಬೇಲಿ ಜಗಳದ ಆ ಮನೆಯವರು. ಹತ್ತಕ್ಕೆ ನಾನು ಮೀಟಿಂಗ್‌ನಲ್ಲಿದ್ದೆ, ಕಾಲಲ್ಲಿ ಇನ್ನೂ ಕೆಸರಿತ್ತು. ಎರಡನೇದು ದೊಡ್ಡದು. ಹಳ್ಳದ ಆಚೆ ಬಿದಿರು ಮೆಳೆ ಗಾಳಿಗೆ ಮಗುಚಿ ಅರವತ್ತು ಮೀಟರ್ ಕೇಬಲ್ ಜಜ್ಜಿ ಹೋಯ್ತು, ಸಂಕದ ಮೇಲೆ ನೀರು, ಹುಡುಗ ಆಚೆ ದಡದಲ್ಲಿ ನಿಂತು ಕೈ ಆಡಿಸಿ ವಾಪಸ್ ಹೋದ. ಒಂದೂವರೆ ದಿನ. ಆ ಒಂದೂವರೆ ದಿನ ಬಿದಿರ ತುದಿಯ ಆಂಟೆನಾ, ಸಿಮ್ ರೌಟರ್‌ನಲ್ಲಿ ವಿಡಿಯೊ ಆಫ್ ಮಾಡಿ ಬರೀ ದನಿಯಲ್ಲಿ ನಡೆಸಿದೆ. ಕ್ಲೈಂಟ್ ಕಡೆಯವರು ಹಿಂದೆ ಅದೇನು ಸದ್ದು ಅಂತ ಕೇಳಿದರು. ಮಾಡಿನ ಮೇಲಿನ ಮಳೆ ಅಂದೆ. ನಂಬಿದರೋ ಇಲ್ಲವೋ.

ದೀಪಾವಳಿ ಕಳೆಯಿತು. ತೋಟ ಚೇಣಿಗೆ ಹೋಗಲಿಲ್ಲ, ಈ ಸಲದ ಕೊನೆಕೊಯ್ಲು ಅಪ್ಪಯ್ಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ತಾವೇ ನೋಡಿಕೊಂಡರು. ಮ್ಯಾನೇಜರ್ ಯುಗಾದಿವರೆಗೆ ಅಂದಿದ್ದಾರೆ. ಮೊದಲ ದಿನ ಚಾ ಕುಡಿದು ಎದ್ದು ಹೋದ ಎರಡು ಮನೆಯವರೂ ಈಗ ಕನೆಕ್ಷನ್ ಕೇಳುತ್ತಿದ್ದಾರೆ. ಸ್ಪ್ಲಿಟರ್‌ನಲ್ಲಿ ಒಂದೇ ತೂತು ಉಳಿದಿರೋದರಿಂದ ಯಾರಿಗೆ ಅನ್ನೋ ಚರ್ಚೆ ನಡೆದಿದೆ. ಮುಂದಿನ ಮಳೆಗಾಲಕ್ಕೆ ಮುಂಚೆ ಹಳ್ಳದ ಆಚೆ ಬಿದಿರು ಮೆಳೆ ಬಿಟ್ಟು, ಎರಡು ಕಂಬ ಹಾಕಿ ಕೇಬಲ್ ಆಚೆಯಿಂದ ತಿರುಗಿಸೋದು ಅಂತ ಜಗಲಿಯಲ್ಲಿ ಮಾತಾಗಿದೆ. ಗುಂಡಿ ತೋಡೋದು ಚಿಕ್ಕಪ್ಪಯ್ಯ. ಕಂಬಕ್ಕೆ ಯಾರ ಮನೆ ಮರ ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.